ಭುಜದಲ್ಲಿ ಸುಣ್ಣ ಕಟ್ಟಿದಾಗ: ಕಾಯುವುದೋ, ಸೂಜಿಯೋ, ಶಾಕ್‌ವೇವೋ, ಆಪರೇಷನ್ನೋ?

ಭುಜದ ನೋವಿಗೆ ಎಕ್ಸ್‌ರೇ ತೆಗೆಸಿದ್ದೀರಿ. ಮೂಳೆಯ ಪಕ್ಕದಲ್ಲಿ ಒಂದು ಬಿಳಿ ಮಚ್ಚೆ ಕಂಡಿದೆ. 'ಟೆಂಡನ್‌ನಲ್ಲಿ ಕ್ಯಾಲ್ಸಿಯಂ ಕೂತಿದೆ' ಎಂದು ಡಾಕ್ಟರು ಹೇಳಿದ್ದಾರೆ. ಗೊಂದಲ ಶುರುವಾಗುವುದೇ ಅಲ್ಲಿಂದ. ಒಬ್ಬರು ಇಂಜೆಕ್ಷನ್ ಸಾಕು ಎನ್ನುತ್ತಾರೆ. ಇನ್ನೊಬ್ಬರು ಸೂಜಿ ಹಾಕಿ ತೊಳೆದು ತೆಗೆಯೋಣ ಎನ್ನುತ್ತಾರೆ. ಮತ್ತೊಬ್ಬರ ಹತ್ತಿರ ಶಾಕ್‌ವೇವ್ ಯಂತ್ರ ಇರುತ್ತದೆ. ಕೊನೆಗೆ ಯಾರೋ ಆಪರೇಷನ್ ಮಾತೆತ್ತುತ್ತಾರೆ.

ನನ್ನ ಬಲಭುಜಕ್ಕೂ ಇದೇ ಆಗಿತ್ತು. ರಾತ್ರಿ ಎರಡು ಗಂಟೆಗೆ ಎದ್ದು ಕೂತು, ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಬೆಳಗಾಗುವುದನ್ನೇ ಕಾಯುತ್ತಿದ್ದೆ. ಆ ಸ್ಥಿತಿಯಲ್ಲಿ ಯಾರು ಏನು ಹೇಳಿದರೂ 'ಆಯ್ತು, ಮಾಡಿಬಿಡಿ' ಎನ್ನುತ್ತೇವೆ. ನಾನೂ ಹಾಗೇ ಹೇಳಿದೆ. ಮೊದಲು ಹೋದ ಕಡೆ, ನೋವು ಜೋರಾಗಿದ್ದ ಅದೇ ವಾರ ಶಾಕ್‌ವೇವ್ ಕೊಟ್ಟರು. ಮುಂದಿನ ನಾಲ್ಕು ದಿನ ತೋಳು ಅಲ್ಲಾಡಿಸಲು ಆಗಲಿಲ್ಲ. ಶಾಕ್‌ವೇವ್ ಅನ್ನು ನಾನು ದೂರುತ್ತಿಲ್ಲ. ಕೊಟ್ಟ ಹೊತ್ತು ಸರಿಯಿರಲಿಲ್ಲ, ಅಷ್ಟೇ. ಅದು ನನಗೆ ತಿಳಿದದ್ದು ಬಹಳ ಆಮೇಲೆ, ಎರಡನೇ ಡಾಕ್ಟರು ಸ್ಕ್ಯಾನಿಂಗ್ ಪರದೆಯನ್ನು ನನ್ನ ಕಡೆ ತಿರುಗಿಸಿ ವಿವರಿಸಿದಾಗ.

ಹಾಗಾಗಿ ಚಿಕಿತ್ಸೆಗಳನ್ನು ಹೋಲಿಸುವ ಮುಂಚೆ ಒಂದು ಮಾತು. ಯಾವುದು ಒಳ್ಳೆಯದು ಎಂದು ಕೇಳುವ ಮೊದಲು, ನಿಮ್ಮ ಭುಜದ ಸುಣ್ಣ ಈಗ ಯಾವ ಹಂತದಲ್ಲಿದೆ ಎಂದು ಕೇಳಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಒಳಗೆ ಏನು ನಡೆಯುತ್ತದೆ

ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಗೆ ಟೆಂಡನ್ ಎನ್ನುತ್ತಾರೆ. ಭುಜದ ಕೀಲಿನ ಸುತ್ತ ಇಂಥ ನಾಲ್ಕು ಟೆಂಡನ್‌ಗಳಿವೆ. ಅವುಗಳಲ್ಲಿ ಮೇಲ್ಗಡೆ ಇರುವ ಸುಪ್ರಾಸ್ಪೈನೇಟಸ್‌ನಲ್ಲೇ ಸುಣ್ಣ ಕಟ್ಟುವುದು ಜಾಸ್ತಿ. ಈ ಸುಣ್ಣ ಹೈಡ್ರಾಕ್ಸಿಅಪಟೈಟ್ ಎಂಬ ಕ್ಯಾಲ್ಸಿಯಂ ಹರಳು. ನಮ್ಮ ಮೂಳೆಯಲ್ಲಿ ಇರುವುದೂ ಇದೇ ಜಾತಿಯದು. 30ರಿಂದ 60 ವರ್ಷದವರಲ್ಲಿ ಹೆಚ್ಚಾಗಿ ಕಾಣುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಸ್ವಲ್ಪ ಜಾಸ್ತಿ. ಸಕ್ಕರೆ ಕಾಯಿಲೆ ಮತ್ತು ಥೈರಾಯ್ಡ್ ತೊಂದರೆ ಇರುವವರಲ್ಲೂ ಹೆಚ್ಚು.

ಊಟದಲ್ಲಿ ಕ್ಯಾಲ್ಸಿಯಂ ಜಾಸ್ತಿಯಾಗಿ ಇದು ಬರುವುದಿಲ್ಲ. ಮೂಳೆಗೆಂದು ಡಾಕ್ಟರು ಬರೆದುಕೊಟ್ಟ ಕ್ಯಾಲ್ಸಿಯಂ ಮಾತ್ರೆಯನ್ನು ಇದರ ಹೆದರಿಕೆಯಿಂದ ನೀವೇ ನಿಲ್ಲಿಸಬೇಡಿ. ನನ್ನ ಕಥೆ ಕೇಳಿ ನಮ್ಮ ಅಕ್ಕ ತನ್ನ ಮಾತ್ರೆ ಬಿಟ್ಟೇಬಿಟ್ಟಿದ್ದಳು. ಮತ್ತೆ ಶುರು ಮಾಡಿಸಲು ಅವಳ ಡಾಕ್ಟರೇ ಹೇಳಬೇಕಾಯಿತು.

ಈ ಸುಣ್ಣಕ್ಕೆ ಒಂದು ಆಯುಷ್ಯ ಇದೆ. ಮೊದಲು ಟೆಂಡನ್‌ನ ಒಂದು ಭಾಗ ಮೃದ್ವಸ್ಥಿಯಂತೆ ಬದಲಾಗುತ್ತದೆ. ಅಲ್ಲಿ ಹರಳುಗಳು ಕೂಡಿಕೊಳ್ಳುತ್ತವೆ. ಈ ಹಂತದಲ್ಲಿ ಅದು ಸೀಮೆಸುಣ್ಣದ ಹಾಗೆ ಗಟ್ಟಿ. ಆಮೇಲೆ ಸುಮ್ನೆ ಕೂತಿರುತ್ತದೆ. ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ. ತೋಳು ಎತ್ತಿದಾಗ ಚುಚ್ಚಬಹುದು, ಆ ಮಗ್ಗುಲಿಗೆ ಮಲಗಿದರೆ ನೋಯಬಹುದು. ಏನೂ ಗೊತ್ತಾಗದೇ ಇರಲೂಬಹುದು. ಕೊನೆಗೊಂದು ದಿನ ದೇಹವೇ ಅದನ್ನು ಕರಗಿಸಲು ಹೊರಡುತ್ತದೆ. ಸುತ್ತ ಹೊಸ ರಕ್ತನಾಳಗಳು ಹುಟ್ಟುತ್ತವೆ, ಸುಣ್ಣವನ್ನು ತಿನ್ನುವ ಜೀವಕೋಶಗಳು ಬಂದು ಸೇರುತ್ತವೆ. ಗಟ್ಟಿ ಸುಣ್ಣ ಟೂತ್‌ಪೇಸ್ಟಿನಷ್ಟು ಮೆತ್ತಗಾಗುತ್ತದೆ. ಟೆಂಡನ್ ಒಳಗೆ ಒತ್ತಡ ಏರುತ್ತದೆ. ಕೆಲವೊಮ್ಮೆ ಸುಣ್ಣ ಸೋರಿ, ಟೆಂಡನ್ ಮೇಲಿರುವ ಬರ್ಸಾ ಎಂಬ ತೆಳು ಚೀಲಕ್ಕೆ ನುಗ್ಗುತ್ತದೆ. ನಿದ್ದೆ ಕೊಡದ ಆ ಭಯಂಕರ ನೋವು ಬರುವುದು ಈ ಹೊತ್ತಿನಲ್ಲೇ. ಅಂದರೆ ಜೀವ ಹಿಂಡುವ ನೋವು ಬಂದಾಗ ಸುಣ್ಣ ಬೆಳೆಯುತ್ತಿರುವುದಿಲ್ಲ, ಬಹುಪಾಲು ಕರಗುತ್ತಿರುತ್ತದೆ. ಈ ಒಂದು ವಿಷಯ ಮೊದಲೇ ಗೊತ್ತಿದ್ದಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ.

ಹಂತ ಗೊತ್ತಾಗುವುದು ಹೇಗೆ? ಎಕ್ಸ್‌ರೇಯಲ್ಲಿ ಅಂಚು ಸ್ಪಷ್ಟವಾಗಿ, ಅಚ್ಚ ಬಿಳಿಯಾಗಿ ಕಂಡರೆ ಗಟ್ಟಿ ಹಂತ. ಅಂಚು ಮಸುಕಾಗಿ, ಮೋಡದ ಹಾಗೆ ಕಂಡರೆ ಕರಗುವ ಹಂತ. ಗಾರ್ಟ್ನರ್ ಎಂಬುವರ ಹೆಸರಿನ ವಿಂಗಡಣೆಯಲ್ಲಿ ಮೊದಲನೆಯದು ಟೈಪ್ 1, ಮೋಡದಂಥದ್ದು ಟೈಪ್ 3, ನಡುವಿನದು ಟೈಪ್ 2. ಅಲ್ಟ್ರಾಸೌಂಡ್‌ನಲ್ಲಿ ಗಟ್ಟಿ ಸುಣ್ಣದ ಹಿಂದೆ ಕಪ್ಪು ನೆರಳು ಬೀಳುತ್ತದೆ. ಮೆತ್ತಗಿನದಕ್ಕೆ ನೆರಳು ಕಡಿಮೆ, ಇಲ್ಲವೇ ಇಲ್ಲ. ಡಾಪ್ಲರ್ ಹಾಕಿದರೆ ಸುತ್ತಲಿನ ರಕ್ತದ ಓಟವೂ ಕಾಣುತ್ತದೆ. ವರದಿಯಲ್ಲಿ ಬರೀ 'ಕ್ಯಾಲ್ಸಿಫಿಕೇಶನ್ ಇದೆ' ಎಂದಿದ್ದರೆ ಅಷ್ಟಕ್ಕೇ ಬಿಡಬೇಡಿ. ಎಷ್ಟು ಮಿಲಿಮೀಟರ್, ಯಾವ ಟೆಂಡನ್, ಗಟ್ಟಿಯೋ ಮೆತ್ತಗೋ, ಟೆಂಡನ್ ಹರಿದಿದೆಯೋ ಇಲ್ಲವೋ, ಈ ನಾಲ್ಕನ್ನು ಕೇಳಿ ಬರೆಸಿಕೊಳ್ಳಿ.

ಇನ್ನೊಂದು ಹಳೆಯ ಲೆಕ್ಕ. ಅಮೆರಿಕದ ಬಾಸ್ವರ್ತ್ ಎಂಬ ಡಾಕ್ಟರು 1941ರಲ್ಲಿ 6,061 ಕಚೇರಿ ನೌಕರರ ಭುಜ ಪರೀಕ್ಷಿಸಿ ವರದಿ ಮಾಡಿದರು. 2.7 ಶೇಕಡಾ ಜನರಲ್ಲಿ ಸುಣ್ಣ ಕಂಡಿತು. ಅವರೆಲ್ಲರಿಗೂ ನೋವಿರಲಿಲ್ಲ. ಹಾಗಾಗಿ ನಿಮ್ಮ ನೋವಿಗೆ ಎಕ್ಸ್‌ರೇಯಲ್ಲಿ ಕಂಡ ಆ ಮಚ್ಚೆಯೇ ಕಾರಣವೋ, ಅಥವಾ ಕುತ್ತಿಗೆಯ ನರವೋ, ಕೀಲೇ ಬಿಗಿದುಕೊಳ್ಳುವ ಫ್ರೋಝನ್ ಶೋಲ್ಡರೋ ಎಂದು ಕೈ ಮುಟ್ಟಿ ಪರೀಕ್ಷಿಸಿ ಹೇಳುವ ಡಾಕ್ಟರು ಬೇಕು. ಚಿತ್ರವೊಂದೇ ಸಾಲದು.

ಕಾಯುವುದು ಕೂಡ ಒಂದು ಆಯ್ಕೆ

ಇದನ್ನು ಯಾರೂ ಆಯ್ಕೆ ಎಂದು ಹೇಳುವುದಿಲ್ಲ. ಆದರೆ ನನ್ನ ಲೆಕ್ಕದಲ್ಲಿ ಪಟ್ಟಿಯ ಮೊದಲ ಸಾಲೇ ಇದು. ಈ ಕಾಯಿಲೆ ಬಹಳ ಜನರಲ್ಲಿ ತಾನಾಗಿಯೇ ಮುಗಿಯುತ್ತದೆ. ಕಾಯುವುದೆಂದರೆ ಕೈಕಟ್ಟಿ ಕೂರುವುದಲ್ಲ. ನೋವಿನ ಮಾತ್ರೆ, ಐಸ್, ಭಾರ ಎತ್ತದಿರುವುದು, ಫಿಸಿಯೋಥೆರಪಿ ಎಲ್ಲ ಇರುತ್ತದೆ. ಉರಿಯೂತ ಇಳಿಸುವ ಮಾತ್ರೆಗಳನ್ನು ಅಲ್ಸರ್, ಕಿಡ್ನಿ ತೊಂದರೆ, ಹೃದಯದ ಕಾಯಿಲೆ ಇರುವವರು ಡಾಕ್ಟರನ್ನು ಕೇಳದೆ ನುಂಗಬಾರದು.

ತೋಳನ್ನು ಜೋಳಿಗೆ ಪಟ್ಟಿಯಲ್ಲಿ ಹಾಕಿ ವಾರಗಟ್ಟಲೆ ಇಡಬೇಡಿ. ನೋವು ತೀರಾ ಜಾಸ್ತಿ ಇದ್ದಾಗ ಎರಡು ಮೂರು ದಿನ ಪರವಾಗಿಲ್ಲ. ಆಮೇಲೂ ಅಲ್ಲಾಡಿಸದೆ ಬಿಟ್ಟರೆ ಭುಜ ಬಿಗಿದುಕೊಳ್ಳುತ್ತದೆ. ಮುಂದಕ್ಕೆ ಬಾಗಿ ತೋಳನ್ನು ಗಡಿಯಾರದ ಲೋಲಕದ ಹಾಗೆ ಮೆಲ್ಲಗೆ ತೂಗಾಡಿಸುವುದು ಮೊದಲ ವ್ಯಾಯಾಮ. ನೋವು ಇಳಿದ ಮೇಲೆ ರೆಕ್ಕೆಮೂಳೆಯ ಸುತ್ತಲಿನ ಸ್ನಾಯು ಬಲಪಡಿಸುವುದು. ರಾತ್ರಿ ಮಲಗುವಾಗ ನೋವಿರುವ ತೋಳಿನ ಕೆಳಗೆ ದಿಂಬು ಕೊಟ್ಟು, ಮೊಣಕೈ ಹಿಂದಕ್ಕೆ ಜಾರದಂತೆ ಇಟ್ಟುಕೊಂಡರೆ ಎಷ್ಟೋ ಹಾಯೆನಿಸುತ್ತದೆ. ನನಗೆ ಇದು ಮಾತ್ರೆಯಷ್ಟೇ ಕೆಲಸ ಮಾಡಿತು.

ನೋವು ತಡೆಯುವ ಹಾಗಿದ್ದು, ನಿದ್ದೆ ಬರುತ್ತಿದ್ದು, ಶುರುವಾಗಿ ಮೂರು ತಿಂಗಳೂ ಆಗಿಲ್ಲದಿದ್ದರೆ, ಬೇರೆ ಏನನ್ನೂ ಮಾಡಿಸುವ ಅವಸರ ನಿಮಗಿಲ್ಲ.

ಈ ನಡುವೆ ಕೆಲವರು ವಿದ್ಯುತ್ ಹಾಯಿಸಿ ಅಸಿಟಿಕ್ ಆಮ್ಲವನ್ನು ಚರ್ಮದ ಒಳಗೆ ಕಳಿಸುವ ಚಿಕಿತ್ಸೆ ಸೂಚಿಸಬಹುದು. ಪರೀಕ್ಷಿಸಿ ನೋಡಿದಾಗ ಅದರಿಂದ ಹೆಚ್ಚಿನ ಉಪಯೋಗ ಕಾಣಲಿಲ್ಲ. ಫಿಸಿಯೋಥೆರಪಿಯಲ್ಲಿ ಕೊಡುವ ಅಲ್ಟ್ರಾಸೌಂಡ್ ಶಾಖದ ಕಥೆ ಬೇರೆ. 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 24 ಸಲ ಕೊಟ್ಟರು. ಚಿಕಿತ್ಸೆ ಮುಗಿದಾಗ ನೋವು ಕಡಿಮೆಯಾಗಿತ್ತು. 9 ತಿಂಗಳ ಹೊತ್ತಿಗೆ 42 ಶೇಕಡಾ ಭುಜಗಳಲ್ಲಿ ಸುಣ್ಣವೇ ಹೋಗಿತ್ತು. ಸುಳ್ಳು ಚಿಕಿತ್ಸೆ, ಅಂದರೆ ಹೋಲಿಕೆಗಾಗಿ ಕೊಟ್ಟಂತೆ ನಟಿಸಿದ ಚಿಕಿತ್ಸೆ, ಪಡೆದವರಲ್ಲಿ ಹೋದದ್ದು 8 ಶೇಕಡಾ ಮಾತ್ರ. ಇಷ್ಟಾದರೂ 9 ತಿಂಗಳಲ್ಲಿ ಎರಡೂ ಗುಂಪಿನ ನೋವಿನಲ್ಲಿ ವ್ಯತ್ಯಾಸ ಉಳಿದಿರಲಿಲ್ಲ. ಇದನ್ನು ನೆನಪಿಡಿ. ಸುಣ್ಣ ಹೋಗುವುದು ಬೇರೆ, ನೋವು ಹೋಗುವುದು ಬೇರೆ. ಮುಂದೆ ಹೇಳುವ ಪ್ರತಿಯೊಂದು ಚಿಕಿತ್ಸೆಯಲ್ಲೂ ಇದು ಮತ್ತೆ ಮತ್ತೆ ಎದುರಾಗುತ್ತದೆ.

ಸ್ಟೀರಾಯ್ಡ್ ಇಂಜೆಕ್ಷನ್

ಟೆಂಡನ್ ಮೇಲಿನ ಬರ್ಸಾ ಚೀಲದೊಳಗೆ ಸ್ಟೀರಾಯ್ಡ್ ಮತ್ತು ಮರಗಟ್ಟಿಸುವ ಔಷಧ ಸೇರಿಸಿ ಕೊಡುತ್ತಾರೆ. ಐದೇ ನಿಮಿಷದ ಕೆಲಸ. ಉರಿಯೂತ ಇಳಿಯುತ್ತದೆ, ನಿದ್ದೆ ಮರಳುತ್ತದೆ. ಕೆಲವು ವಾರ ಚೆನ್ನಾಗಿರುತ್ತದೆ. ಸುಣ್ಣ ಮಾತ್ರ ಅಲ್ಲೇ ಇರುತ್ತದೆ.

ಜೋರು ನೋವಿನ ವಾರಗಳನ್ನು ದಾಟಿಸಲು ಇದು ಒಳ್ಳೆಯ ಸೇತುವೆ. ಒಂದು ಸಲ, ಹೆಚ್ಚೆಂದರೆ ಎರಡು ಸಲ ಸರಿ. ಪದೇ ಪದೇ ಕೊಡಿಸಿಕೊಂಡರೆ ಟೆಂಡನ್ ದುರ್ಬಲವಾಗುವ ಭಯ ಇದೆ. ಶುಗರ್ ಇರುವವರಿಗೆ ಇಂಜೆಕ್ಷನ್ ಆದ ಮೇಲೆ ಕೆಲವು ದಿನ ಸಕ್ಕರೆ ಏರುತ್ತದೆ. ಮೊದಲೇ ಹೇಳಿ, ಆ ದಿನಗಳಲ್ಲಿ ಪರೀಕ್ಷಿಸುತ್ತಿರಿ.

ಸೂಜಿಯಿಂದ ತೊಳೆದು ತೆಗೆಯುವುದು

ಡಾಕ್ಟರುಗಳು ಇದಕ್ಕೆ ಬಾರ್ಬೊಟಾಜ್ ಅಥವಾ ಲವಾಜ್ ಎನ್ನುತ್ತಾರೆ. ನನಗೆ ಕೊನೆಗೆ ಮಾಡಿದ್ದು ಇದನ್ನೇ. ಹೊಲಿಗೆ ಇಲ್ಲ, ಆಸ್ಪತ್ರೆಯಲ್ಲಿ ಉಳಿಯುವುದಿಲ್ಲ, ಪೂರ್ತಿ ಎಚ್ಚರ ಇರುತ್ತದೆ. ಸುಮಾರು ಅರ್ಧ ಗಂಟೆಯ ಕೆಲಸ. ಒಳಗೆ ಏನಾಗುತ್ತದೆ ಎಂದು ಗೊತ್ತಿದ್ದರೆ ಭಯ ಅರ್ಧ ಕಡಿಮೆ. ಹಾಗಾಗಿ ಬಿಡಿಸಿ ಹೇಳುತ್ತೇನೆ.

ಮಲಗಿಸಿ, ಭುಜವನ್ನು ಔಷಧದಿಂದ ಒರೆಸಿ, ಅಲ್ಟ್ರಾಸೌಂಡ್ ಕಡ್ಡಿ ಇಟ್ಟು ಸುಣ್ಣ ಎಲ್ಲಿದೆ ಎಂದು ಹುಡುಕುತ್ತಾರೆ. ಚರ್ಮದಿಂದ ಬರ್ಸಾ ತನಕ ಮರಗಟ್ಟಿಸುತ್ತಾರೆ. ನಿಜವಾಗಿ ಚುರ್ ಎನ್ನುವುದು ಈ ಹಂತ ಮಾತ್ರ. ಆಮೇಲೆ ಸ್ವಲ್ಪ ದಪ್ಪ ಸೂಜಿಯನ್ನು ಪರದೆ ನೋಡುತ್ತಲೇ ಸುಣ್ಣದ ನಡುವಿಗೆ ತರುತ್ತಾರೆ. ಸಿರಿಂಜಿನಲ್ಲಿ ಸಲೈನ್ ಇರುತ್ತದೆ. ಮೆಲ್ಲಗೆ ಒತ್ತುತ್ತಾರೆ, ಬಿಡುತ್ತಾರೆ. ಒತ್ತಿದಾಗ ನೀರು ಒಳಹೋಗಿ ಸುಣ್ಣ ಕಲಕುತ್ತದೆ. ಬಿಟ್ಟಾಗ ಒಳಗಿನ ಒತ್ತಡಕ್ಕೆ ಅದೇ ವಾಪಸ್ ಬರುತ್ತದೆ. ತಿಳಿಯಾಗಿದ್ದ ಸಲೈನ್ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಸಿರಿಂಜನ್ನು ಸ್ವಲ್ಪ ಹೊತ್ತು ಇಟ್ಟರೆ ತಳದಲ್ಲಿ ಬಿಳಿ ಪುಡಿ ಕೂರುತ್ತದೆ. ಅದನ್ನು ಕಂಡಾಗ ನನಗೆ ಕಣ್ಣು ತುಂಬಿ ಬಂತು. ಮೂರು ತಿಂಗಳು ನಿದ್ದೆಗೆಡಿಸಿದ್ದು ಇದೇನಾ ಅನಿಸಿತು.

ಕೆಲವರು ಒಂದೇ ಸೂಜಿ ಬಳಸುತ್ತಾರೆ. ಕೆಲವರು ಎರಡು ಹಾಕಿ, ಒಂದರಿಂದ ನೀರು ಒಳಗೆ, ಇನ್ನೊಂದರಿಂದ ಹೊರಗೆ ಬರುವಂತೆ ಮಾಡುತ್ತಾರೆ. ಈ ವ್ಯತ್ಯಾಸಕ್ಕೆ ನೀವು ತಲೆ ಕೆಡಿಸಿಕೊಳ್ಳಬೇಕಿಲ್ಲ. ಮಾಡುವವರಿಗೆ ಯಾವುದು ಕೈಗೆ ಕೂತಿದೆಯೋ ಅದೇ ಒಳ್ಳೆಯದು. ಸಲೈನ್ ಬೆಚ್ಚಗಿದ್ದರೆ ಗಟ್ಟಿ ಸುಣ್ಣ ಬೇಗ ಕರಗುತ್ತದೆ, ಆಮೇಲೆ ಬರ್ಸಾದ ಉರಿಯೂತವೂ ಕಡಿಮೆ ಎಂದು ಇಟಲಿಯ ಡಾಕ್ಟರುಗಳ ತಂಡವೊಂದು 2012ರಲ್ಲಿ ತೋರಿಸಿತು. ಇದನ್ನು ಕೇಳಿ ನೋಡಬಹುದು. ಕೊನೆಯಲ್ಲಿ ಬರ್ಸಾಕ್ಕೆ ಸ್ಟೀರಾಯ್ಡ್ ಕೊಟ್ಟು ಮುಗಿಸುತ್ತಾರೆ.

ಸುಣ್ಣ ಪೂರ್ತಿ ಹೊರಬರಬೇಕೆಂದೇನೂ ಇಲ್ಲ. ಕಲ್ಲಿನಷ್ಟು ಗಟ್ಟಿಯಿದ್ದರೆ ಏನೂ ಹೊರಬಾರದಿರಬಹುದು. ಆಗ ಸೂಜಿಯಿಂದ ಹಲವು ಕಡೆ ಚುಚ್ಚಿ ಒಡೆದು ಬಿಡುತ್ತಾರೆ. ಒಡೆದ ಜಾಗಕ್ಕೆ ರಕ್ತ ಬಂದು ಉಳಿದದ್ದನ್ನು ದೇಹವೇ ಕರಗಿಸಲಿ ಎಂಬ ಲೆಕ್ಕ. ತೀರಾ ಚಿಕ್ಕ ಚೂರುಗಳಿಗೂ ಚುಚ್ಚುವುದೇ ದಾರಿ, ತೊಳೆಯಲು ಅಲ್ಲಿ ಜಾಗವೇ ಇರುವುದಿಲ್ಲ. ಮೆತ್ತಗಿನ ಸುಣ್ಣ ಸುಲಭವಾಗಿ ಬರುತ್ತದೆ. ಹಾಗಾಗಿ ಜೋರು ನೋವಿನ, ಕರಗುವ ಹಂತಕ್ಕೆ ಸೂಜಿ ಚೆನ್ನಾಗಿ ಒಗ್ಗುತ್ತದೆ.

ತೊಂದರೆಗಳು? ಮಾಡುವಾಗ ಕೆಲವರಿಗೆ ತಲೆ ಸುತ್ತಿ ಬವಳಿ ಬರುತ್ತದೆ. ಅದಕ್ಕೇ ಕೂರಿಸುವ ಬದಲು ಮಲಗಿಸಿ ಮಾಡುವುದು ಮೇಲು. ಸೋಂಕು ಅಪರೂಪ. ಬರ್ಸಾ ಊದಿಕೊಳ್ಳಬಹುದು, ಕೆಲವರಿಗೆ ಭುಜ ಬಿಗಿದುಕೊಳ್ಳಬಹುದು. ಯಾರೂ ಮೊದಲೇ ಹೇಳದ ವಿಷಯ ಇನ್ನೊಂದು. ಮೊದಲ ಕೆಲವು ವಾರ ಚೆನ್ನಾಗಿದ್ದು, ಎರಡು ಮೂರು ತಿಂಗಳಾದ ಮೇಲೆ ನೋವು ಮತ್ತೆ ತಲೆ ಎತ್ತಬಹುದು. ಸ್ಟೀರಾಯ್ಡ್ ಪ್ರಭಾವ ಮುಗಿದು, ಉಳಿದ ಸುಣ್ಣ ಕರಗುವ ಕಾಲ ಅದು. ಬಹಳ ಜನ ಆಗ 'ಚಿಕಿತ್ಸೆ ಫೇಲಾಯಿತು' ಎಂದು ಬೇರೆ ಕಡೆ ಓಡುತ್ತಾರೆ. ನನಗೂ ಹತ್ತನೇ ವಾರದಲ್ಲಿ ಹಾಗಾಯಿತು. ಡಾಕ್ಟರು ಮೊದಲೇ ಹೇಳಿದ್ದರಿಂದ ಮಾತ್ರೆ, ಐಸ್ ಇಟ್ಟುಕೊಂಡು ಕಾದೆ. ಎರಡು ವಾರದಲ್ಲಿ ಇಳಿಯಿತು.

ಈಗ ಪುರಾವೆಯ ಮಾತು. ಇದು ಸ್ವಲ್ಪ ಕಹಿ, ಆದರೂ ಹೇಳಲೇಬೇಕು. 2009ರಲ್ಲಿ ಇಟಲಿಯ ಸೆರಾಫಿನಿ ಮತ್ತು ಜೊತೆಗಾರರು ಸೂಜಿ ಚಿಕಿತ್ಸೆ ಪಡೆದವರನ್ನೂ ಪಡೆಯದವರನ್ನೂ 10 ವರ್ಷ ಹಿಂಬಾಲಿಸಿದ ವರದಿ ಪ್ರಕಟಿಸಿದರು. ಒಂದು ತಿಂಗಳು, ಮೂರು ತಿಂಗಳು, ಒಂದು ವರ್ಷದಲ್ಲಿ ಚಿಕಿತ್ಸೆ ಪಡೆದವರು ಮುಂದಿದ್ದರು. 5 ಮತ್ತು 10 ವರ್ಷದಲ್ಲಿ ಎರಡೂ ಗುಂಪು ಒಂದೇ. ಯಾರಿಗೆ ಯಾವ ಚಿಕಿತ್ಸೆ ಎಂದು ಚೀಟಿ ಎತ್ತಿ ಹಂಚಿದ ಅಧ್ಯಯನ ಅದಲ್ಲ. ಹಾಗೆ ಹಂಚಿದ ದೊಡ್ಡ ಅಧ್ಯಯನ 2023ರಲ್ಲಿ ಬಂತು. ನಾರ್ವೆ ಮತ್ತು ಸ್ವೀಡನ್‌ನ 6 ಆಸ್ಪತ್ರೆಗಳಲ್ಲಿ 220 ಜನರನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ತೊಳೆಯುವುದು ಮತ್ತು ಸ್ಟೀರಾಯ್ಡ್. ಇನ್ನೊಂದಕ್ಕೆ ತೊಳೆದಂತೆ ಮಾಡಿ ಸ್ಟೀರಾಯ್ಡ್ ಮಾತ್ರ. ಮೂರನೆಯದಕ್ಕೆ ಎರಡೂ ಇಲ್ಲ, ಬರೀ ನಟನೆ. ಮೊದಲ ಆರು ವಾರ ಸ್ಟೀರಾಯ್ಡ್ ಪಡೆದ ಎರಡು ಗುಂಪಿಗೆ ಆರಾಮ ಇತ್ತು. ನಾಲ್ಕು ತಿಂಗಳಲ್ಲಿ ಮೂರೂ ಗುಂಪು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದವು.

ಇದನ್ನು ಓದಿದಾಗ ನನಗೆ ಬೇಸರವಾಯಿತು. ನಾನು ಗುಣವಾದದ್ದು ಸೂಜಿಯಿಂದಲೇ ಎಂದು ನಂಬಿದ್ದೆ. ಬಹುಶಃ ಸ್ಟೀರಾಯ್ಡ್, ಕಾಲ, ಸೂಜಿ ಮೂರೂ ಸೇರಿದ್ದವು. ಆ ಅಧ್ಯಯನದಲ್ಲಿ ಕನಿಷ್ಠ ಮೂರು ತಿಂಗಳಿಂದ ನೋವಿದ್ದವರು ಇದ್ದರು. ನಿನ್ನೆ ರಾತ್ರಿ ಜೋರು ನೋವು ಶುರುವಾದವರ ಬಗ್ಗೆ ಅದು ಹೆಚ್ಚು ಹೇಳುವುದಿಲ್ಲ. ಆದರೆ ವರ್ಷದಿಂದ ಮಂದ ನೋವಿರುವವರಿಗೆ 'ತೊಳೆದುಬಿಟ್ಟರೆ ಎಲ್ಲ ಸರಿ' ಎಂದು ಯಾರಾದರೂ ಭರವಸೆ ಕೊಟ್ಟರೆ, ಆ ಭರವಸೆ ಜಾಸ್ತಿಯಾಯಿತು ಎಂದೇ ನಾನು ಹೇಳುತ್ತೇನೆ.

ಶಾಕ್‌ವೇವ್

ಹೆಸರು ಕೇಳಿ ಕರೆಂಟ್ ಶಾಕ್ ಎಂದುಕೊಳ್ಳುವವರಿದ್ದಾರೆ. ಕರೆಂಟ್ ಏನೂ ಕೊಡುವುದಿಲ್ಲ. ಚರ್ಮದ ಮೇಲಿಂದ ಜೋರಾದ ಒತ್ತಡದ ಅಲೆಗಳನ್ನು ಒಳಗೆ ಕಳಿಸುತ್ತಾರೆ. ಕಿಡ್ನಿ ಕಲ್ಲು ಒಡೆಯುವ ಯಂತ್ರದ ನೆಂಟ ಇದು. ಸೂಜಿ ಚುಚ್ಚುವುದಿಲ್ಲ ಎಂಬುದೇ ಇದರ ದೊಡ್ಡ ಆಕರ್ಷಣೆ.

ಎರಡು ಬಗೆಯಿದೆ. ಫೋಕಸ್ಡ್ ಬಗೆಯಲ್ಲಿ ಅಲೆಗಳು ಒಳಗಿನ ಒಂದು ಜಾಗಕ್ಕೆ ಕೇಂದ್ರೀಕರಿಸುತ್ತವೆ. ರೇಡಿಯಲ್ ಬಗೆಯಲ್ಲಿ ಮೇಲಿಂದ ಹರಡಿಕೊಳ್ಳುತ್ತವೆ, ಆಳಕ್ಕೆ ಹೋದಂತೆ ಬಲ ಕುಗ್ಗುತ್ತದೆ. ಚಿಕ್ಕ ಕ್ಲಿನಿಕ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ರೇಡಿಯಲ್. ನಿಮಗೆ ಯಾವುದು ಕೊಡುತ್ತಾರೆ ಎಂದು ಕೇಳುವುದು ನಿಮ್ಮ ಹಕ್ಕು. 2003ರಲ್ಲಿ ಗೆರ್ಡೆಸ್ಮೆಯರ್ ಎಂಬ ಡಾಕ್ಟರ ತಂಡ 144 ಜನರ ಮೇಲೆ ಮಾಡಿದ ಅಧ್ಯಯನದಲ್ಲಿ ಹೆಚ್ಚಿನ ಶಕ್ತಿಯ ಅಲೆ, ಕಡಿಮೆ ಶಕ್ತಿಯ ಅಲೆ ಎರಡೂ ಸುಳ್ಳು ಚಿಕಿತ್ಸೆಗಿಂತ ಮೇಲಿದ್ದವು. ಹೆಚ್ಚಿನ ಶಕ್ತಿಯದು ಎಲ್ಲಕ್ಕಿಂತ ಮುಂದಿತ್ತು. ಆದರೆ ಶಕ್ತಿ ಹೆಚ್ಚಿದಂತೆ ಕೊಡುವಾಗಿನ ನೋವೂ ಹೆಚ್ಚು. ಚರ್ಮ ಕೆಂಪಾಗುವುದು, ಕಂದುಗಟ್ಟುವುದು ಸಾಮಾನ್ಯ. ಆಮೇಲೆ 2020ರಲ್ಲಿ, ಚಿಕಿತ್ಸೆಗಳ ಪುರಾವೆ ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 32 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿತು. ಸುಣ್ಣ ಇರುವ, ಇಲ್ಲದ ಎರಡೂ ಬಗೆಯ ಟೆಂಡನ್ ನೋವು ಅದರಲ್ಲಿ ಸೇರಿತ್ತು. ರೋಗಿಗೆ ಎದ್ದು ಕಾಣುವಷ್ಟು ಉಪಯೋಗ ಕಡಿಮೆ ಎಂಬುದೇ ಅದರ ತೀರ್ಮಾನ.

ಸೂಜಿಗೂ ಇದಕ್ಕೂ ನೇರ ಹೋಲಿಕೆ ನೆದರ್ಲೆಂಡ್ಸ್‌ನಲ್ಲಿ ನಡೆಯಿತು. 2020ರಲ್ಲಿ ಫಲಿತಾಂಶ ಬಂತು. ಒಂದು ವರ್ಷದಲ್ಲಿ ಎರಡೂ ಗುಂಪಿನವರು ಸುಧಾರಿಸಿದ್ದರು. ಸುಣ್ಣ ಹೋದದ್ದು ಸೂಜಿ ಗುಂಪಿನಲ್ಲಿ ಜಾಸ್ತಿ.

ಹಾಗಾದರೆ ಶಾಕ್‌ವೇವ್ ಯಾರಿಗೆ? ಸುಣ್ಣ ಗಟ್ಟಿಯಾಗಿದ್ದು, ನೋವು ಹಳೆಯದಾಗಿ, ಆರು ತಿಂಗಳ ವ್ಯಾಯಾಮಕ್ಕೂ ಜಗ್ಗದೆ, ಸೂಜಿಗೆ ಹೆದರುವವರಿಗೆ ಇಲ್ಲವೇ ಸ್ಟೀರಾಯ್ಡ್ ಬೇಡವೆನ್ನುವ ಶುಗರ್ ರೋಗಿಗಳಿಗೆ. ಒಂದೇ ಸಲಕ್ಕೆ ಮುಗಿಯುವುದಿಲ್ಲ. ಹಲವು ಸಲ ಹೋಗಬೇಕು, ಫಲ ಕಾಣಲು ಎರಡು ಮೂರು ತಿಂಗಳು ಬೇಕು. ಗರ್ಭಿಣಿಯರಿಗೆ, ರಕ್ತ ಹೆಪ್ಪುಗಟ್ಟುವ ತೊಂದರೆ ಇರುವವರಿಗೆ, ಆ ಜಾಗದಲ್ಲಿ ಗೆಡ್ಡೆ ಅಥವಾ ಸೋಂಕು ಇರುವವರಿಗೆ ಕೊಡಬಾರದು. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ಹೇಳಬೇಕು. ಮತ್ತೆ ನನ್ನ ಅನುಭವದ ಮಾತು: ಸುಣ್ಣ ಕರಗುತ್ತಾ ಭುಜ ಉರಿಯುತ್ತಿರುವ ವಾರಗಳಲ್ಲಿ ಇದು ಬೇಡ.

ಕೀಹೋಲ್ ಆಪರೇಷನ್

ಎರಡು ಮೂರು ಚಿಕ್ಕ ತೂತು ಮಾಡಿ, ಕ್ಯಾಮೆರಾ ಹಾಕಿ, ಸುಣ್ಣದ ಗೂಡನ್ನು ಸೀಳಿ ಕೆರೆದು ತೆಗೆಯುತ್ತಾರೆ. ಗೂಡು ದೊಡ್ಡದಿದ್ದು ಟೆಂಡನ್‌ನಲ್ಲಿ ಹೊಂಡ ಬಿದ್ದರೆ ಹೊಲಿಯುತ್ತಾರೆ. ಅರಿವಳಿಕೆ ಬೇಕು. ಚೇತರಿಕೆ ದಿನಗಳ ಲೆಕ್ಕವಲ್ಲ, ತಿಂಗಳುಗಳದ್ದು. ಟೆಂಡನ್ ಹೊಲಿದಿದ್ದರೆ ಇನ್ನೂ ಜಾಸ್ತಿ. ಭುಜ ಬಿಗಿಯುವುದು ಇಲ್ಲೂ ಇದೆ. ಬೇರೆಲ್ಲ ಮಾಡಿ ಕನಿಷ್ಠ ಆರು ತಿಂಗಳು ಕಳೆದಿದ್ದು, ಸುಣ್ಣ ಇನ್ನೂ ಗಟ್ಟಿಯಾಗಿ ಕೂತಿದ್ದು, ನೋವು ದಿನದ ಕೆಲಸ ಕೆಡಿಸುತ್ತಿದ್ದರೆ ಇದು ಸರಿಯಾದ ಆಯ್ಕೆ. ಟೆಂಡನ್ ಕೂಡ ಹರಿದಿದ್ದರಂತೂ ಹೌದು. ಮೊದಲ ಭೇಟಿಯಲ್ಲೇ ಆಪರೇಷನ್ ಎಂದರೆ ಇನ್ನೊಬ್ಬರ ಅಭಿಪ್ರಾಯ ಕೇಳಿ.

ನಿಮ್ಮ ಸ್ಥಿತಿಗೆ ಯಾವುದು?

ನಾಲ್ಕು ದಿನದಿಂದ ಜೋರು ನೋವು, ಎಕ್ಸ್‌ರೇಯಲ್ಲಿ ಮೋಡದಂಥ ಮಸುಕು. ನಾನಾದರೆ ಮೊದಲು ನೋವಿನ ಮಾತ್ರೆ ಮತ್ತು ಐಸ್ ನೋಡುತ್ತೇನೆ. ತಡೆಯಲಾಗದಿದ್ದರೆ ಸ್ಟೀರಾಯ್ಡ್ ಇಂಜೆಕ್ಷನ್. ಅಲ್ಟ್ರಾಸೌಂಡ್ ನೋಡಿ ಸೂಜಿ ಹಾಕುವುದರಲ್ಲಿ ಪಳಗಿದವರು ಸಿಕ್ಕರೆ, ಅದೇ ಭೇಟಿಯಲ್ಲಿ ತೊಳೆಸಿಕೊಳ್ಳುವುದನ್ನೂ ಯೋಚಿಸುತ್ತೇನೆ. ಸುಣ್ಣವೆಲ್ಲ ಆಗಲೇ ಬರ್ಸಾಕ್ಕೆ ಸೋರಿ ಹೋಗಿದ್ದರೆ ತೊಳೆಯಲು ಒಳಗೆ ಏನೂ ಉಳಿದಿರುವುದಿಲ್ಲ. ಆಗ ಸೂಜಿ ಬೇಡ.

ಎಂಟು ತಿಂಗಳಿಂದ ತೋಳು ಎತ್ತಿದಾಗ ಚುಚ್ಚುವ ನೋವು, ಎಕ್ಸ್‌ರೇಯಲ್ಲಿ ಅಚ್ಚ ಬಿಳಿ ಗಟ್ಟಿ ಮಚ್ಚೆ. ಇಲ್ಲಿ ಆಯ್ಕೆ ನಿಜಕ್ಕೂ ಕಷ್ಟ. ವ್ಯಾಯಾಮವನ್ನು ಮೂರು ತಿಂಗಳು ಸರಿಯಾಗಿ ಮಾಡಿದ್ದೀರಾ ಎಂದು ಮೊದಲು ನಿಮ್ಮನ್ನೇ ಕೇಳಿಕೊಳ್ಳಿ. ಮಾಡಿದ್ದೂ ಆಗಿದ್ದರೆ ಹೆಚ್ಚಿನ ಶಕ್ತಿಯ ಫೋಕಸ್ಡ್ ಶಾಕ್‌ವೇವ್ ಅಥವಾ ಸೂಜಿ, ಎರಡರಲ್ಲಿ ಒಂದು. ಸುಣ್ಣ ಹೋಗಬೇಕೆಂಬ ಆಸೆ ಇದ್ದರೆ ಸೂಜಿ ಕಡೆ ವಾಲುತ್ತೇನೆ. ಚುಚ್ಚಿಸಿಕೊಳ್ಳಲು ಆಗುವುದೇ ಇಲ್ಲ ಎಂದರೆ ಶಾಕ್‌ವೇವ್.

ಬೇರೆ ಯಾವುದಕ್ಕೋ ಎಕ್ಸ್‌ರೇ ತೆಗೆದಾಗ ಸುಣ್ಣ ಕಂಡಿದೆ, ನೋವೇ ಇಲ್ಲ. ಏನೂ ಮಾಡಿಸಬೇಡಿ.

ಒಪ್ಪುವ ಮುಂಚೆ ಡಾಕ್ಟರನ್ನು ಕೇಳಲು ನಾನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದ ಪ್ರಶ್ನೆಗಳು ಇವು. ನನ್ನ ಸುಣ್ಣ ಯಾವ ಹಂತದಲ್ಲಿದೆ? ಏನೂ ಮಾಡದಿದ್ದರೆ ಮುಂದಿನ ಮೂರು ತಿಂಗಳಲ್ಲಿ ಏನಾಗಬಹುದು? ಈ ಕೆಲಸವನ್ನು ನೀವೇ ಮಾಡುತ್ತೀರಾ, ಪದೇ ಪದೇ ಮಾಡುತ್ತೀರಾ? ಮಾಡಿದ ಮೇಲೆ ನೋವು ಮರಳಿದರೆ ಯಾರಿಗೆ ಫೋನ್ ಮಾಡಲಿ? ಕೊನೆಯ ಪ್ರಶ್ನೆಗೆ ಸಿಕ್ಕ ಉತ್ತರದಿಂದಲೇ ನಾನು ಡಾಕ್ಟರನ್ನು ಆರಿಸಿದೆ.

ಕೆಲವು ಲಕ್ಷಣಗಳಿಗೆ ಈ ಹೋಲಿಕೆ ಅನ್ವಯಿಸುವುದಿಲ್ಲ. ಭುಜದ ನೋವಿನ ಜೊತೆ ಜ್ವರ, ಚಳಿ, ಕೀಲು ಕೆಂಪಾಗಿ ಬಿಸಿಯಾಗುವುದು ಇದ್ದರೆ ಸೋಂಕಿರಬಹುದು. ಎಡಭುಜದ ನೋವಿನ ಜೊತೆ ಎದೆ ಬಿಗಿತ, ಬೆವರು, ಉಸಿರು ಕಟ್ಟುವುದು ಬಂದರೆ ಹೃದಯದ ಕಡೆ ನೋಡಬೇಕು. ಬಿದ್ದ ಮೇಲೆ ತೋಳು ಎತ್ತಲೇ ಆಗದಿದ್ದರೆ ಟೆಂಡನ್ ಹರಿದಿರಬಹುದು. ಇವುಗಳಿಗೆ ಬೆಳಗಿನ ತನಕ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಸೂಜಿ ಹಾಕಿಸಿಕೊಂಡ ದಿನ ಗಾಡಿ ಓಡಿಸಿಕೊಂಡು ಬರಬೇಡಿ, ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ. ಎರಡು ದಿನ ಐಸ್ ಇಡಿ, ಎರಡು ವಾರ ಭಾರ ಎತ್ತಬೇಡಿ. ತೂಗಾಡಿಸುವ ವ್ಯಾಯಾಮವನ್ನು ಮಾತ್ರ ಡಾಕ್ಟರು ಹೇಳಿದ ದಿನದಿಂದಲೇ ಶುರು ಮಾಡಿ. ನನಗೆ ಕೈ ತಲೆಯ ಮೇಲೆ ಪೂರ್ತಿ ಹೋಗಲು ಐದು ವಾರ ಹಿಡಿಯಿತು, ಆ ಮಗ್ಗುಲಿಗೆ ಮಲಗಲು ನಾಲ್ಕು ತಿಂಗಳು. ಆರನೇ ತಿಂಗಳ ಎಕ್ಸ್‌ರೇಯಲ್ಲಿ ಒಂದು ಸಣ್ಣ ಬಿಳಿ ಗೀಟು ಇನ್ನೂ ಇತ್ತು. 'ನೋವಿದೆಯಾ?' ಎಂದು ಡಾಕ್ಟರು ಕೇಳಿದರು. ಇಲ್ಲ ಎಂದೆ. ಇನ್ನು ಎಕ್ಸ್‌ರೇ ಬೇಡ ಎಂದು ಹೇಳಿ ಕಳಿಸಿದರು.